ಹಠವೂ ಅಲ್ಲ, ಮರೆವೂ ಅಲ್ಲ, ಅವರಿಗೆ ಕಣ್ಣು ಕಾಣ್ತಿಲ್ಲ

ನಮ್ಮ ದೊಡ್ಡಮ್ಮ ಇರೋ ವೃದ್ಧಾಶ್ರಮದಿಂದ ಹೋದ ವರ್ಷ ಒಂದು ಫೋನ್ ಬಂತು. ಇತ್ತೀಚೆಗೆ ಸ್ವಲ್ಪ ಮಂಕಾಗಿದ್ದಾರೆ, ಹಾಲ್‌ಗೆ ಬಂದು ಕೂರಲ್ಲ, ನೀರಿನ ಲೋಟ ಕೊಟ್ರೆ ಬೀಳಿಸ್ತಾರೆ, ಮೊನ್ನೆ ತಂಗಿ ಮಗ ಬಂದಾಗ ಗುರುತೇ ಹಿಡೀಲಿಲ್ಲ, ಮರೆವಿನ ಕಾಯಿಲೆ ಶುರುವಾಗಿರಬಹುದು, ಒಂದ್ಸಲ ಡಾಕ್ಟರ್‌ಗೆ ತೋರಿಸಿ ಅಂತ. ಹೋದೆ. ನಾನು ಬಾಗಿಲಲ್ಲಿ ನಿಂತಿದ್ದಾಗ ಅವರು ಸುಮ್ನೆ ನನ್ನ ಕಡೆ ನೋಡ್ತಾ ಕೂತಿದ್ರು, "ದೊಡ್ಡಮ್ಮ" ಅಂದ ತಕ್ಷಣ ನನ್ನ ಹೆಸರು ಹಿಡಿದು ಕರೆದ್ರು. ಪಕ್ಕ ಕೂತು ಮಾತಾಡ್ತಾ ಮಾತಾಡ್ತಾ ಅವರ ಕನ್ನಡಕ ಕೊಳೆಯಾಗಿದೆ ಅಂತ ಒರೆಸೋಕೆ ತಗೊಂಡೆ. ದೊಡ್ಡಮ್ಮನ ಕನ್ನಡಕ ಕಪ್ಪು ಫ್ರೇಮಿಂದು, ಇದು ಕಂದು ಬಣ್ಣದ್ದು, ಎಡಗಡೆ ಕಡ್ಡಿಗೆ ಯಾರೋ ಬಿಳಿ ದಾರ ಸುತ್ತಿ ಗಟ್ಟಿ ಮಾಡಿದ್ರು. ಅದು ಅವರ ಕನ್ನಡಕವೇ ಅಲ್ಲ. ಎಷ್ಟು ದಿನದಿಂದ ಬೇರೆಯವರ ಕನ್ನಡಕ ಹಾಕ್ಕೊಂಡಿದ್ರೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ನನಗೆ ಏನೋ ಮಂಜು ಮಂಜು, ವಯಸ್ಸಾಯ್ತಲ್ಲ ಬಿಡು ಅಂದ್ರು.

ಆಮೇಲೆ ಈ ವಿಷ್ಯದ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು, ಇದು ನಮ್ಮ ಒಂದು ಮನೆ ಕಥೆ ಅಲ್ಲ ಅಂತ. ಮೊದಲೇ ಒಂದು ಮಾತು, ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಸಣ್ಣ ಆಸ್ಪತ್ರೆ ಅನ್ನೋ ಅರ್ಥ ಇದೆ, ಹೊರಗಡೆ ದೇಶಗಳಲ್ಲಿ ನಡೆದ ಸ್ಟಡಿಗಳಲ್ಲಿ ಅದೇ ಪದಕ್ಕೆ ವಯಸ್ಸಾದವರು ಖಾಯಂ ಆಗಿ ಇದ್ದು ಆರೈಕೆ ಪಡೆಯೋ ಜಾಗ ಅಂತ ಅರ್ಥ. ನಾನು ಇಲ್ಲಿ ಹೇಳ್ತಿರೋದು ಅದರ ಬಗ್ಗೆ, ವೃದ್ಧಾಶ್ರಮ ಅನ್ನಿ ಕೇರ್ ಹೋಮ್ ಅನ್ನಿ.

1995ರಲ್ಲಿ ಅಮೆರಿಕದ ಬಾಲ್ಟಿಮೋರ್ ಸುತ್ತಮುತ್ತ 30 ನರ್ಸಿಂಗ್ ಹೋಮ್‌ಗಳಲ್ಲಿ 499 ಜನರ ಕಣ್ಣು ಪರೀಕ್ಷೆ ಮಾಡಿದ ಒಂದು ಅಧ್ಯಯನ ಬಂತು. ಅದರಲ್ಲಿ ಶೇಕಡಾ 17 ಜನಕ್ಕೆ ಎರಡೂ ಕಣ್ಣು ಕುರುಡು ಅನ್ನೋ ಮಟ್ಟಕ್ಕೆ ಹೋಗಿತ್ತು, ಇನ್ನೂ ಸುಮಾರು 19ರಷ್ಟು ಜನಕ್ಕೆ ದೃಷ್ಟಿ ತೀರಾ ಕಡಿಮೆ ಆಗಿತ್ತು. ಅದೇ ಊರಲ್ಲಿ ತಮ್ಮ ಮನೇಲೇ ಇರೋ ಹಿರಿಯರಿಗೆ ಹೋಲಿಸಿದ್ರೆ ಕುರುಡುತನ 13ರಿಂದ 15 ಪಟ್ಟು ಜಾಸ್ತಿ. ಇದನ್ನ ಓದಿದಾಗ ಸರಿ, ಕಾಯಿಲೆ ಜಾಸ್ತಿ ಇರೋರೇ ಅಲ್ಲಿಗೆ ಸೇರ್ತಾರೆ, ಕಣ್ಣು ಕಾಣದೇ ಇರೋದಕ್ಕೇ ಸೇರಿದವರೂ ಇರ್ತಾರೆ, ಹಾಗಾಗಿ ಸಂಖ್ಯೆ ಜಾಸ್ತಿ ಇರುತ್ತೆ ಅಂತ ಸಮಾಧಾನ ಮಾಡ್ಕೋಬಹುದು. ಆದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕ ಇದೆ. ಆ ಕುರುಡುತನದಲ್ಲಿ ಐದರಲ್ಲಿ ಒಂದು ಪಾಲು, ಕಮ್ಮಿ ದೃಷ್ಟಿಯಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಬರೀ ಸರಿಯಾದ ಕನ್ನಡಕದಿಂದ ಸರಿಹೋಗ್ತಿತ್ತು. ಆಪರೇಷನ್ ಬೇಡ, ಔಷಧ ಬೇಡ, ಸರಿಯಾದ ಪವರ್ ಇರೋ ಕನ್ನಡಕ ಸಾಕಿತ್ತು.

ಇದು ಹಳೇ ಕಥೆ, ಈಗೆಲ್ಲ ಸುಧಾರಿಸಿದೆ ಅನ್ನೋ ಹಾಗೂ ಇಲ್ಲ. ಹೈದರಾಬಾದ್‌ನಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 41 ವೃದ್ಧಾಶ್ರಮಗಳಲ್ಲಿ 1,182 ಜನರನ್ನ ಪರೀಕ್ಷೆ ಮಾಡಿ 2020ರ ಹೊತ್ತಿಗೆ ಫಲಿತಾಂಶ ಬಿಡುಗಡೆ ಮಾಡಿದ್ರು. ಶೇಕಡಾ 30ರಷ್ಟು ಜನಕ್ಕೆ ದೃಷ್ಟಿದೋಷ. ಅದಕ್ಕೆ ಕಾರಣ ನೋಡಿದ್ರೆ ಮೊದಲನೇದು ಪೊರೆ, ಹತ್ತಿರ ಹತ್ತಿರ ಅರ್ಧ ಅದೇ. ಎರಡನೇದು ಕನ್ನಡಕ ಇಲ್ಲದಿರೋದು ಅಥವಾ ತಪ್ಪು ಕನ್ನಡಕ, ಸುಮಾರು ಕಾಲು ಭಾಗ. ಮೂರನೇದು ಪೊರೆ ಆಪರೇಷನ್ ಆದ ಮೇಲೆ ಒಳಗಿನ ಲೆನ್ಸ್ ಹಿಂದೆ ಕಟ್ಕೊಳ್ಳೋ ಮಬ್ಬು ಪರದೆ. ಮೂರನ್ನೂ ಕೂಡಿಸಿ ನೋಡಿ, ನೂರಕ್ಕೆ 88ರಷ್ಟು ದೃಷ್ಟಿದೋಷ ಸರಿ ಮಾಡಬಹುದಾಗಿದ್ದದ್ದು. ಈ 88 ಅನ್ನೋ ಸಂಖ್ಯೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಅಂದ್ರೆ ಅಷ್ಟು ಜನ ಮಬ್ಬಲ್ಲಿ ಕೂತಿರೋದು ವಯಸ್ಸಿನಿಂದ ಅಲ್ಲ, ಯಾರೂ ನೋಡದೇ ಇರೋದ್ರಿಂದ.

ಆ ಮೂರನೇ ಕಾರಣ ನಮ್ಮ ದೊಡ್ಡಮ್ಮನಿಗೂ ಇತ್ತು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಅವರಿಗೆ ಎಷ್ಟೋ ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಹಾಗಾಗಿ ನಾವೆಲ್ಲ ಕಣ್ಣಿನ ಚಾಪ್ಟರ್ ಮುಗೀತು ಅಂತಾನೇ ಅಂದ್ಕೊಂಡಿದ್ವಿ, ವೃದ್ಧಾಶ್ರಮದ ಫೈಲಲ್ಲೂ "ಆಪರೇಷನ್ ಆಗಿದೆ" ಅಂತ ಬರೆದಿತ್ತು, ಆ ಒಂದು ಸಾಲು ಇದ್ದಿದ್ದಕ್ಕೇ ಮತ್ತೆ ಯಾರೂ ಕಣ್ಣು ನೋಡಲಿಲ್ಲ ಅಂತ ನನಗೆ ಈಗ ಅನ್ಸುತ್ತೆ. ಪೊರೆ ಆಪರೇಷನ್‌ನಲ್ಲಿ ಮಬ್ಬಾದ ಲೆನ್ಸ್ ತೆಗೆದು ಅದರ ತೆಳು ಚೀಲವನ್ನ ಹಾಗೇ ಉಳಿಸಿ ಅದರೊಳಗೆ ಹೊಸ ಲೆನ್ಸ್ ಕೂರಿಸ್ತಾರೆ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಚೀಲದ ಹಿಂದಿನ ಪದರವೇ ಮಬ್ಬಾಗುತ್ತೆ. ಜನ ಅದನ್ನ ಪೊರೆ ವಾಪಸ್ ಬಂತು ಅಂತಾರೆ, ಪೊರೆ ವಾಪಸ್ ಬರೋದಿಲ್ಲ, ಇದು ಬೇರೆ. ಇದಕ್ಕೆ ಯಾಗ್ ಲೇಸರ್ ಅಂತ ಮಾಡ್ತಾರೆ, ಗಾಯ ಇಲ್ಲ, ಹೊಲಿಗೆ ಇಲ್ಲ, ಮೆಷಿನ್ ಮುಂದೆ ಗದ್ದ ಇಟ್ಟು ಕೂತ್ರೆ ಕೆಲವೇ ನಿಮಿಷದಲ್ಲಿ ಆ ಪದರದ ಮಧ್ಯೆ ಒಂದು ಕಿಂಡಿ ತೆಗೀತಾರೆ. ಅಪರೂಪಕ್ಕೆ ಕಣ್ಣಿನ ಒತ್ತಡ ಏರೋದು, ರೆಟಿನಾ ಅಂದ್ರೆ ಕಣ್ಣಿನ ಹಿಂಭಾಗದ ಪರದೆಗೆ ತೊಂದರೆ ಆಗೋದು ಇರುತ್ತೆ, ಅದಕ್ಕೆ ಮುಂಚೆ ಚೆಕ್ ಮಾಡ್ತಾರೆ ಆಮೇಲೂ ಚೆಕ್ ಮಾಡ್ತಾರೆ. ದೊಡ್ಡಮ್ಮನಿಗೆ ಒಂದು ಕಣ್ಣಿಗೆ ಮಾಡಿಸಿದ್ವಿ, ಅವತ್ತು ಸಂಜೆಗೇ ನನ್ನ ಶರ್ಟಿನ ಗುಂಡಿ ಒಂದು ಬಿದ್ದುಹೋಗಿದೆ ಅಂತ ಹೇಳಿದ್ರು.

ಹಾಗಾದ್ರೆ ಇಷ್ಟು ಸುಲಭವಾಗಿ ಸರಿಹೋಗೋದು ಯಾಕೆ ಹಾಗೇ ಉಳಿಯುತ್ತೆ? ನನ್ನ ಅಭಿಪ್ರಾಯ ಏನು ಅಂದ್ರೆ, ವೃದ್ಧಾಶ್ರಮದಲ್ಲಿ ದೃಷ್ಟಿ ಹೋಗೋದು ಕಣ್ಣಿನ ಕಾಯಿಲೆ ಥರ ಕಾಣೋದೇ ಇಲ್ಲ, ಅದು ನಡವಳಿಕೆ ಥರ ಕಾಣುತ್ತೆ. ಕಾಲು ನೋವಾದ್ರೆ ಕುಂಟ್ತಾರೆ, ಹೊಟ್ಟೆ ನೋವಾದ್ರೆ ಕೂಗ್ತಾರೆ, ಕಣ್ಣು ಮಂಜಾದ್ರೆ ಸುಮ್ನಾಗ್ತಾರೆ. ಓದೋದು ನಿಲ್ಲುತ್ತೆ, ಅದಕ್ಕೆ ಆಸಕ್ತಿ ಇಲ್ಲ ಅಂತೀವಿ. ಎದುರು ಬಂದವರಿಗೆ ನಮಸ್ಕಾರ ಹೇಳಲ್ಲ, ಅದಕ್ಕೆ ಮರೆವು ಅಂತೀವಿ. ಕಾರಿಡಾರ್‌ನಲ್ಲಿ ನಡೆಯೋಕೆ ಹೆದರ್ತಾರೆ, ಅದಕ್ಕೆ ಹಠ ಅಂತೀವಿ. ಸ್ನಾನಕ್ಕೆ ಕರ್ಕೊಂಡು ಹೋಗೋಕೆ ಬಂದವರ ಕೈ ಕೊಡವಿದ್ರೆ ಸಿಡುಕು ಅಂತೀವಿ. ಕಾಣದೇ ಇರೋ ಮನುಷ್ಯನ ಕೈ ಯಾರೋ ಇದ್ದಕ್ಕಿದ್ದ ಹಾಗೆ ಹಿಡಿದ್ರೆ ಅವರು ಇನ್ನೇನು ಮಾಡ್ತಾರೆ ಹೇಳಿ.

ಪ್ರತಿಯೊಂದು ಕಣ್ಣಿನ ಕಾಯಿಲೆಗೂ ಇಂಥ ಒಂದೊಂದು ವೇಷ ಇದೆ. ಮ್ಯಾಕ್ಯುಲಾ ಸವೆತ ಅಂದ್ರೆ ರೆಟಿನಾದ ನಟ್ಟನಡುವಿನ ಭಾಗ ಹಾಳಾಗೋದು, ಅಂಥವರಿಗೆ ಎದುರಿಗಿರೋ ಮುಖ ಕಾಣಲ್ಲ ಆದ್ರೆ ಅಂಚಿನ ನೋಟ ಉಳಿದಿರುತ್ತೆ, ಹಾಗಾಗಿ ಮಗಳ ಮುಖ ಗುರುತು ಹಿಡಿಯದೇ ಇರೋರು ನೆಲದ ಮೇಲೆ ಪಕ್ಕದಲ್ಲಿ ಬಿದ್ದಿರೋ ಕರ್ಚೀಫ್ ಎತ್ತಿಕೊಡ್ತಾರೆ, ನೋಡಿದವರಿಗೆ ನಾಟಕ ಮಾಡ್ತಿದ್ದಾರೆ ಅನ್ಸುತ್ತೆ. ಮಾತಾಡುವಾಗ ನಿಮ್ಮ ಮುಖ ಬಿಟ್ಟು ಪಕ್ಕಕ್ಕೆ ನೋಡ್ತಿದ್ರೆ ಅದು ಅಸಡ್ಡೆ ಅಲ್ಲ, ಆ ಅಂಚಿನ ನೋಟದಲ್ಲಿ ನಿಮ್ಮನ್ನ ಹಿಡಿಯೋಕೆ ಒದ್ದಾಡ್ತಿದ್ದಾರೆ. ಗ್ಲಾಕೋಮಾ ಅಂದ್ರೆ ಕಣ್ಣಿನ ನರ ಹಾಳಾಗೋ ಕಾಯಿಲೆ, ಅದರಲ್ಲಿ ಇದರ ಉಲ್ಟಾ, ಸುತ್ತಲಿನ ನೋಟ ಮೊದಲು ಹೋಗುತ್ತೆ, ನೇರ ನೋಟ ಕೊನೇವರೆಗೂ ಇರುತ್ತೆ, ಸಣ್ಣ ಅಕ್ಷರ ಓದ್ತಾರೆ ಆದ್ರೆ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೋತಾರೆ. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ಎರಡೂ ಕಣ್ಣಲ್ಲಿ ಒಂದೇ ಪಕ್ಕದ ಅರ್ಧ ನೋಟ ಹೋಗಿರುತ್ತೆ, ಅಂಥವರು ತಟ್ಟೆಯಲ್ಲಿ ಒಂದು ಕಡೆ ಅರ್ಧ ಊಟ ಪೂರ್ತಿ ಮಾಡಿ ಇನ್ನೊಂದು ಕಡೆ ಮುಟ್ಟೋದೇ ಇಲ್ಲ, ಊಟ ಸೇರ್ತಿಲ್ಲ ಅಂತ ತಟ್ಟೆ ಎತ್ತಿಬಿಡ್ತಾರೆ. ತಟ್ಟೆಯನ್ನ ಅರ್ಧ ಸುತ್ತು ತಿರುಗಿಸಿ ಇಟ್ರೆ ಉಳಿದಿದ್ದೂ ಊಟ ಮಾಡ್ತಾರೆ. ಶುಗರ್ ಇರೋರಿಗೆ ರೆಟಿನಾದ ರಕ್ತನಾಳ ಹಾಳಾಗೋದು ಬೇರೆ, ಅದರಲ್ಲಿ ನೋಟ ದಿನದಿಂದ ದಿನಕ್ಕೆ ಏರುಪೇರಾಗೋದೂ ಉಂಟು, ನಿನ್ನೆ ಕಾಣ್ತಿತ್ತು ಇವತ್ತು ಕಾಣಲ್ಲ ಅಂದ್ರೆ ಯಾರೂ ನಂಬಲ್ಲ.

ಇನ್ನು ಮರೆವಿನ ಕಾಯಿಲೆ ಜೊತೆ ಇದು ಕಲಸಿಹೋಗೋ ರೀತಿ ನಿಜಕ್ಕೂ ಕಳವಳದ ವಿಷ್ಯ. ಡಿಮೆನ್ಶಿಯಾ ಇದೆಯಾ ಅಂತ ನೋಡೋಕೆ ಪ್ರಪಂಚದಾದ್ಯಂತ ಬಳಸೋ 30 ಅಂಕದ ಒಂದು ಪರೀಕ್ಷೆ ಇದೆ, ಅದರಲ್ಲಿ ವಾಚು ಪೆನ್ಸಿಲ್ ತೋರಿಸಿ ಇದೇನು ಅಂತ ಕೇಳ್ತಾರೆ, ಒಂದು ಚೀಟಿ ಕೊಟ್ಟು ಅದರಲ್ಲಿ ಬರೆದಿರೋದನ್ನ ಓದಿ ಹಾಗೇ ಮಾಡಿ ಅಂತಾರೆ, ಎರಡು ಐದುಮೂಲೆ ಚಿತ್ರ ತೋರಿಸಿ ಹಾಗೇ ಬರೀರಿ ಅಂತಾರೆ. ಕಣ್ಣು ಕಾಣದವರಿಗೆ ಅಲ್ಲೆಲ್ಲ ಅಂಕ ಹೋಗುತ್ತೆ, ಅದು ಮೆದುಳಿನ ಲೆಕ್ಕಕ್ಕೆ ಬೀಳುತ್ತೆ. ಕಣ್ಣು ಪರೀಕ್ಷೆ ಮಾಡದೇ ಮರೆವಿನ ಪರೀಕ್ಷೆ ಮಾಡೋದು ಕಿವಿ ಕೇಳದವರಿಗೆ ಪಿಸುಮಾತಲ್ಲಿ ಪ್ರಶ್ನೆ ಕೇಳಿದ ಹಾಗೆ. ಇದು ಒಂದು ಕಡೆ. ಇನ್ನೊಂದು ಕಡೆ, ಕಾಣದೇ ಇರೋದೇ ಮರೆವನ್ನ ಹತ್ತಿರ ತರುತ್ತೆ ಅನ್ನೋದಕ್ಕೂ ಸಾಕಷ್ಟು ಆಧಾರ ಸಿಗ್ತಿದೆ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಡಿಮೆನ್ಶಿಯಾ ಆಯೋಗ, ತಡೆಯಬಹುದಾದ ಅಪಾಯಗಳ ಪಟ್ಟಿಯನ್ನ 14ಕ್ಕೆ ಏರಿಸಿತು, ಹೊಸದಾಗಿ ಸೇರಿದ ಎರಡರಲ್ಲಿ ಒಂದು ಚಿಕಿತ್ಸೆ ಸಿಗದ ದೃಷ್ಟಿದೋಷ. ಅದಕ್ಕೂ ಮುಂಚೆ 2022ರಲ್ಲಿ ಅಮೆರಿಕದಲ್ಲಿ ಪೊರೆ ಇದ್ದ 3,000ಕ್ಕೂ ಹೆಚ್ಚು ಹಿರಿಯರನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಪೊರೆ ಆಪರೇಷನ್ ಮಾಡಿಸ್ಕೊಂಡವರಲ್ಲಿ ಡಿಮೆನ್ಶಿಯಾ ಸುಮಾರು ಶೇಕಡಾ 30 ಕಡಿಮೆ ಕಂಡುಬಂತು. ಆಪರೇಷನ್ನೇ ಕಾರಣ ಅಂತ ಇದರಿಂದ ಪಕ್ಕಾ ಹೇಳೋಕಾಗಲ್ಲ, ಆರೋಗ್ಯ ಚೆನ್ನಾಗಿರೋರೇ ಆಪರೇಷನ್‌ಗೆ ಹೋಗಿರಬಹುದು, ಸಂಶೋಧಕರು ಅದನ್ನೆಲ್ಲ ಕಳೆದು ನೋಡೋಕೆ ಪ್ರಯತ್ನ ಮಾಡಿದ್ದಾರೆ, ಆದ್ರೂ ಅದು ಗಮನಿಸಿ ನೋಡಿದ ಅಧ್ಯಯನ ಅಷ್ಟೇ. ಹಾಗಿದ್ರೂ ಇದನ್ನ ಪಕ್ಕಕ್ಕೆ ತಳ್ಳೋ ಹಾಗಿಲ್ಲ.

ಇನ್ನೊಂದು ವಿಚಾರ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ, ಗೊತ್ತಿದ್ರೆ ಎಷ್ಟೋ ಹಿರಿಯರ ಹೆದರಿಕೆ ಕಮ್ಮಿ ಆಗ್ತಿತ್ತು. ದೃಷ್ಟಿ ತುಂಬ ಮಟ್ಟಿಗೆ ಹೋದವರಲ್ಲಿ ಕೆಲವರಿಗೆ ಇಲ್ಲದ್ದೆಲ್ಲ ಕಾಣೋಕೆ ಶುರುವಾಗುತ್ತೆ. ಗೋಡೆ ತುಂಬ ಬಣ್ಣದ ಚಿತ್ತಾರ, ಕೋಣೆಯಲ್ಲಿ ಪುಟ್ಟ ಪುಟ್ಟ ಮನುಷ್ಯರು, ಗುರುತಿಲ್ಲದ ಮುಖಗಳು. ಅವು ಮಾತಾಡಲ್ಲ, ಬರೀ ಕಾಣುತ್ತವೆ. ನೋಡ್ತಿರೋರಿಗೂ ಇದು ನಿಜ ಅಲ್ಲ ಅಂತ ಗೊತ್ತಿರುತ್ತೆ. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅಂತಾರೆ, ಆ ಹೆಸರಿನ ಸ್ವಿಸ್ ವಿಜ್ಞಾನಿ 1760ರಲ್ಲೇ ತನ್ನ ಅಜ್ಜನಿಗೆ ಹೀಗಾಗ್ತಿದ್ದಿದ್ದನ್ನ ಬರೆದಿಟ್ಟಿದ್ದ, ಪೊರೆಯಿಂದ ಕಣ್ಣು ಹೋಗಿದ್ದ ಅಜ್ಜ, ಬುದ್ಧಿ ಮಾತ್ರ ಚುರುಕಾಗೇ ಇತ್ತು. ಕಣ್ಣಿಂದ ಬರಬೇಕಾದ ಸುದ್ದಿ ಬರದೇ ಹೋದಾಗ ಮೆದುಳು ತಾನೇ ಚಿತ್ರ ಹುಟ್ಟಿಸುತ್ತೆ, ಅಷ್ಟೇ. ಆದ್ರೆ ವೃದ್ಧಾಶ್ರಮದಲ್ಲಿರೋ ಒಬ್ಬ ಅಜ್ಜಿ ರಾತ್ರಿ ಕೋಣೇಲಿ ಮಕ್ಕಳು ಓಡಾಡ್ತಿದ್ರು ಅಂದ್ರೆ ಏನಾಗುತ್ತೆ? ತಲೆ ಕೆಟ್ಟಿದೆ ಅಂತ ಮಾತ್ರೆ ಶುರು ಮಾಡೋ ಸಾಧ್ಯತೆ ಇದೆ, ಅದಕ್ಕೆ ಹೆದರಿಯೇ ಎಷ್ಟೋ ಜನ ಬಾಯೇ ಬಿಡಲ್ಲ. ಕೆಲವು ಬಗೆ ಡಿಮೆನ್ಶಿಯಾದಲ್ಲೂ ಹೀಗೆ ಕಾಣೋದುಂಟು, ಕೆಲವು ಔಷಧದಿಂದಲೂ ಆಗಬಹುದು, ಹಾಗಾಗಿ ಡಾಕ್ಟರ್ ನೋಡಲೇಬೇಕು, ಆದ್ರೆ ಮೊದಲ ಪ್ರಶ್ನೆ "ಕಣ್ಣು ಹೇಗಿದೆ" ಅನ್ನೋದಾಗಿರಬೇಕು. ಇದು ಕಣ್ಣಿಂದ ಆಗೋದು, ಹುಚ್ಚು ಅಲ್ಲ ಅಂತ ಒಬ್ಬರು ಹೇಳಿದ್ರೇ ಅವರಿಗೆ ಅರ್ಧ ಭಾರ ಇಳಿಯುತ್ತೆ.

ಯಾಕೆ ಯಾರೂ ನೋಡಲ್ಲ ಅನ್ನೋದಕ್ಕೆ ಬರ್ತೀನಿ. ಮನೆಯವರು ಅಂದ್ಕೋತಾರೆ ವೃದ್ಧಾಶ್ರಮದವರು ನೋಡ್ಕೋತಾರೆ ಅಂತ, ವೃದ್ಧಾಶ್ರಮದವರು ಅಂದ್ಕೋತಾರೆ ಕಣ್ಣು ಹಲ್ಲು ಎಲ್ಲ ಮನೆಯವರು ಮಾಡಿಸ್ಕೋತಾರೆ ಅಂತ, ಅಲ್ಲಿಗೆ ಬರೋ ಡಾಕ್ಟರ್ ಬಿಪಿ ಶುಗರ್ ನೋಡಿ ಹೋಗ್ತಾರೆ. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ 17 ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಇನ್ಶೂರೆನ್ಸ್ ಇತ್ತು, ಆದ್ರೂ ಮೂರರಲ್ಲಿ ಎರಡು ಪಾಲು ಜನರ ಫೈಲಲ್ಲಿ ಕಣ್ಣು ಪರೀಕ್ಷೆ ಮಾಡಿಸಿದ ಉಲ್ಲೇಖವೇ ಇರಲಿಲ್ಲ. ಅಂದ್ರೆ ಬರೀ ದುಡ್ಡಿನ ಪ್ರಶ್ನೆ ಅಲ್ಲ. ಅಲ್ಲಿ ಸರ್ಕಾರದ ನಿಯಮದ ಪ್ರಕಾರ ಪ್ರತಿ ನಿವಾಸಿಗೂ ಒಂದು ಫಾರಂ ತುಂಬಬೇಕು, ಅದರಲ್ಲಿ ದೃಷ್ಟಿಗೆ ಒಂದು ಪ್ರಶ್ನೆ ಇದೆ, ಸಾಕಷ್ಟು ಬೆಳಕಲ್ಲಿ ಕನ್ನಡಕ ಹಾಕ್ಕೊಂಡು ಎಷ್ಟು ಕಾಣುತ್ತೆ ಅಂತ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡೋದು, ಪೇಪರಿನ ಸಣ್ಣ ಅಕ್ಷರ ಓದ್ತಾರಾ, ಬರೀ ಹೆಡ್‌ಲೈನ್ ಓದ್ತಾರಾ ಅನ್ನೋ ಥರ. ಏನೂ ಇಲ್ಲದೇ ಇರೋದಕ್ಕಿಂತ ಇದು ಎಷ್ಟೋ ವಾಸಿ, ಆದ್ರೆ ಇದು ಒಂದೊಂದು ಕಣ್ಣನ್ನ ಬೇರೆ ಬೇರೆ ನೋಡಲ್ಲ, ಯಾಕೆ ಕಾಣ್ತಿಲ್ಲ ಅಂತಲೂ ಹೇಳಲ್ಲ, ಒಂದು ಕಣ್ಣು ಪೂರ್ತಿ ಹೋಗಿದ್ರೂ ಇನ್ನೊಂದು ಕಣ್ಣು ಸಂಭಾಳಿಸ್ತಿದ್ರೆ ಪೂರ್ತಿ ಅಂಕ ಬಂದುಬಿಡುತ್ತೆ.

ಡಿಮೆನ್ಶಿಯಾ ಇರೋರಿಗೆ ಕಣ್ಣು ಪರೀಕ್ಷೆ ಮಾಡೋಕಾಗಲ್ಲ, ಅವರು ಉತ್ತರ ಹೇಳಲ್ಲ ಅನ್ನೋದು ನಾನು ತುಂಬ ಸಲ ಕೇಳಿರೋ ಮಾತು, ಇದು ತಪ್ಪು. ರೆಟಿನೋಸ್ಕೋಪ್ ಅನ್ನೋ ಸಾಧನದಿಂದ ಕಣ್ಣಿಗೆ ಬೆಳಕು ಬಿಟ್ಟು ಅದು ವಾಪಸ್ ಬರೋ ರೀತಿ ನೋಡಿಯೇ ಕನ್ನಡಕದ ಪವರ್ ಅಂದಾಜು ಮಾಡ್ತಾರೆ, ಮಾತೇ ಬೇಕಿಲ್ಲ, ಮಾತು ಬಾರದ ಕೂಸುಗಳಿಗೂ ಹಾಗೇ ಮಾಡೋದು. ಅಕ್ಷರ ಹೇಳೋಕಾಗದವರಿಗೆ ಚಿತ್ರದ ಕಾರ್ಡು, ಗೆರೆಗೆರೆ ಕಾರ್ಡು ಇವೆ, ಕಣ್ಣು ಆ ಗೆರೆ ಕಡೆ ತಿರುಗುತ್ತಾ ಇಲ್ವಾ ಅಂತ ನೋಡ್ತಾರೆ. ಬ್ರಿಟನ್‌ನಲ್ಲಿ ಡಿಮೆನ್ಶಿಯಾ ಇರೋ 700ಕ್ಕೂ ಹೆಚ್ಚು ಜನರ ಕಣ್ಣು ಪರೀಕ್ಷೆ ಮಾಡಿ 2016ರಲ್ಲಿ ವರದಿ ಕೊಟ್ರು, ಬಹುಪಾಲು ಜನಕ್ಕೆ ಮುಖ್ಯ ಪರೀಕ್ಷೆಗಳೆಲ್ಲ ಮಾಡೋಕಾಯ್ತು. ಮೂರರಲ್ಲಿ ಒಬ್ಬರಿಗೆ ದೃಷ್ಟಿದೋಷ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಹೊಸ ಕನ್ನಡಕ ಸಾಕಾಗಿತ್ತು, ಮತ್ತೆ ಕೇರ್ ಹೋಮ್‌ನಲ್ಲಿ ಇರೋರಿಗೆ ಮನೇಲಿರೋರಿಗಿಂತ ಎರಡರಿಂದ ಎರಡೂವರೆ ಪಟ್ಟು ದೃಷ್ಟಿದೋಷ ಜಾಸ್ತಿ. ಪರೀಕ್ಷೆ ಮಾಡೋಕಾಗಲ್ಲ ಅನ್ನೋದಲ್ಲ, ಸ್ವಲ್ಪ ಹೊತ್ತು ಜಾಸ್ತಿ ಬೇಕು, ತಾಳ್ಮೆ ಬೇಕು, ಬೆಳಗ್ಗೆ ಅವರು ಗೆಲುವಾಗಿರೋ ಹೊತ್ತಲ್ಲಿ ಮಾಡಬೇಕು.

"ಈ ವಯಸ್ಸಲ್ಲಿ ಇನ್ನೇನು ಆಪರೇಷನ್" ಅನ್ನೋ ಮಾತಿಗೆ ನನ್ನ ವಿರೋಧ ಇದೆ. ಪೊರೆ ಆಪರೇಷನ್ ಸಾಮಾನ್ಯವಾಗಿ ಕಣ್ಣಿನ ಜಾಗ ಮಾತ್ರ ಮರಗಟ್ಟಿಸಿ ಮಾಡೋದು, ಎಷ್ಟೋ ಸಲ ಬರೀ ಡ್ರಾಪ್ಸ್ ಹಾಕಿ, ಅವತ್ತೇ ವಾಪಸ್ ಬರಬಹುದು. ತೊಂಬತ್ತು ದಾಟಿದವರಿಗೂ ಮಾಡ್ತಾರೆ. ಅವರಿಗೆ ಉಳಿದಿರೋ ವರ್ಷ ನಾಲ್ಕೇ ಇದ್ರೂ ಆ ನಾಲ್ಕು ವರ್ಷ ಅವರು ದಿನವಿಡೀ ಒಂದೇ ಕೋಣೆಯಲ್ಲಿ ಕೂತಿರ್ತಾರೆ, ಕಣ್ಣು ಕಂಡ್ರೆ ಕಿಟಕಿ ಹೊರಗಿನ ಮರ ಕಾಣುತ್ತೆ, ಬಂದವರ ಮುಖ ಕಾಣುತ್ತೆ, ಕಾಣದಿದ್ರೆ ಅದೂ ಇಲ್ಲ. ನಿಜ, ಎಲ್ಲರಿಗೂ ಮಾಡೋ ಹಾಗಿಲ್ಲ, ಅಲ್ಲಾಡದೇ ಮಲಗೋಕಾಗದವರು, ಡಿಮೆನ್ಶಿಯಾ ತುಂಬ ಮುಂದುವರಿದವರು, ಆಪರೇಷನ್ ಆದ ಮೇಲೆ ಕಣ್ಣು ಉಜ್ಜಿಬಿಡೋರು, ಇವರ ವಿಷ್ಯದಲ್ಲಿ ಡಾಕ್ಟರ್ ಜೊತೆ ಕೂತು ಯೋಚನೆ ಮಾಡಬೇಕು. ಆದ್ರೆ ಪರೀಕ್ಷೆ ಮಾಡಿ ಬೇಡ ಅನ್ನೋದು ಬೇರೆ, ನೋಡದೇ ಬೇಡ ಅನ್ನೋದು ಬೇರೆ.

ಬೀಳೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕಂದ್ರೆ ಇಲ್ಲಿ ವಿಷ್ಯ ಅಂದ್ಕೊಂಡಷ್ಟು ಸರಳ ಇಲ್ಲ. ಸೊಂಟದ ಮೂಳೆ ಮುರಿದ್ರೆ ವಯಸ್ಸಾದವರ ಬದುಕೇ ಬದಲಾಗಿಬಿಡುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಬ್ರಿಟನ್‌ನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಹೆಂಗಸರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಪೊರೆ ಆಪರೇಷನ್, ಇನ್ನೊಂದು ಗುಂಪಿಗೆ ಮಾಮೂಲಿ ಕಾಯೋ ಪಟ್ಟಿ ಅಂತ ಇಟ್ರು, 2005ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಆಪರೇಷನ್ ಆದವರು ಬೀಳೋ ಪ್ರಮಾಣ ಶೇಕಡಾ 34 ಕಡಿಮೆ ಆಗಿತ್ತು. ಇದು ಖುಷಿ ವಿಷ್ಯ. ಆದ್ರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 70 ದಾಟಿದ 616 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಕಣ್ಣು ಪರೀಕ್ಷೆ ಮಾಡಿ ಹೊಸ ಕನ್ನಡಕ ಕೊಟ್ಟ ಗುಂಪಿನವರೇ ಜಾಸ್ತಿ ಬಿದ್ರು. 2007ರಲ್ಲಿ ಇದು ಬಂದಾಗ ಎಲ್ಲರಿಗೂ ಆಶ್ಚರ್ಯ. ಪವರ್ ಒಮ್ಮೆಲೇ ತುಂಬ ಬದಲಾದ್ರೆ ನೆಲ ಹತ್ತಿರ ಬಂದ ಹಾಗೋ ದೂರ ಹೋದ ಹಾಗೋ ಕಾಣುತ್ತೆ, ಮೆಟ್ಟಿಲಿನ ಅಂದಾಜು ತಪ್ಪುತ್ತೆ, ದುರ್ಬಲ ಕಾಲಿಗೆ ಅಷ್ಟು ಸಾಕು. ಹಾಗಂತ ಕನ್ನಡಕ ಬೇಡ ಅಂತ ಅಲ್ಲ. ಪವರ್ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ, ಹೊಸ ಕನ್ನಡಕ ಬಂದ ಮೊದಲ ಕೆಲವು ವಾರ ನಡೆಯುವಾಗ ಪಕ್ಕದಲ್ಲಿ ಒಬ್ಬರು ಇರಿ, ಇದನ್ನ ಕನ್ನಡಕ ಕೊಡೋರೇ ಹೇಳಬೇಕು. ಬೈಫೋಕಲ್, ಪ್ರೊಗ್ರೆಸಿವ್ ಅಂದ್ರೆ ಒಂದೇ ಗಾಜಲ್ಲಿ ಮೇಲೆ ದೂರದ ಪವರ್ ಕೆಳಗೆ ಓದೋ ಪವರ್ ಇರೋ ಕನ್ನಡಕ ಹಾಕ್ಕೊಂಡು ಕೆಳಗೆ ನೋಡಿದ್ರೆ ಓದೋ ಪವರಿಂದ ಪಾದ ನೋಡಿದ ಹಾಗಾಗುತ್ತೆ, ಮೆಟ್ಟಿಲ ಅಂಚು ಮಬ್ಬು. ಅದಕ್ಕೆ ನಡೆಯೋದಕ್ಕೆ ಒಂದು, ಓದೋದಕ್ಕೆ ಒಂದು ಬೇರೆ ಕನ್ನಡಕ ಕೊಟ್ಟು ನೋಡಿದ್ರು, ಅದೂ ಆಸ್ಟ್ರೇಲಿಯಾದಲ್ಲೇ, 2010ರಲ್ಲಿ. ಹೊರಗೆ ಚೆನ್ನಾಗಿ ಓಡಾಡೋರಿಗೆ ಅದರಿಂದ ಬೀಳೋದು ಕಮ್ಮಿ ಆಯ್ತು, ಹೊರಗೆ ಅಪರೂಪಕ್ಕೆ ಹೋಗೋರಿಗೆ ಹೊರಗೆ ಬೀಳೋದು ಜಾಸ್ತಿ ಆಯ್ತು. ಹಾಗಾಗಿ ಎಲ್ಲರಿಗೂ ಒಂದೇ ಸೂತ್ರ ಅಂತ ಇಲ್ಲ, ಆ ಮನುಷ್ಯ ದಿನಾ ಎಲ್ಲಿ ನಡೀತಾರೆ ಏನು ನೋಡ್ತಾರೆ ಅನ್ನೋದು ಗೊತ್ತಿರಬೇಕು, ವೃದ್ಧಾಶ್ರಮದ ಸಿಬ್ಬಂದಿಗೆ ಅದು ಕಣ್ಣಿನ ಡಾಕ್ಟರ್‌ಗಿಂತ ಚೆನ್ನಾಗಿ ಗೊತ್ತಿರುತ್ತೆ, ಆದ್ರೆ ಅವರನ್ನ ಯಾರೂ ಕೇಳಲ್ಲ.

ಡ್ರಾಪ್ಸ್ ವಿಷ್ಯ ಬೇಗ ಹೇಳಿ ಮುಂದೆ ಹೋಗ್ತೀನಿ. ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೊಳ್ಳೋದು ದಿನಾ ಹಾಕೋ ಡ್ರಾಪ್ಸಿಂದ. ಮನೆಯಿಂದ ವೃದ್ಧಾಶ್ರಮಕ್ಕೆ ಹೋಗುವಾಗ ಮಾತ್ರೆ ಪಟ್ಟಿ ಕೊಡ್ತೀವಿ, ಕಣ್ಣಿನ ಬಾಟ್ಲಿ ಮರೆತುಹೋಗುತ್ತೆ, ಹಾಗಾದ್ರೆ ತಿಂಗಳುಗಟ್ಟಲೆ ಡ್ರಾಪ್ಸ್ ಇಲ್ಲ, ನೋವೂ ಇಲ್ಲ, ಯಾರಿಗೂ ಗೊತ್ತಾಗಲ್ಲ. ಎರಡು ಥರದ ಡ್ರಾಪ್ಸ್ ಇದ್ರೆ ಮಧ್ಯೆ ಐದು ನಿಮಿಷ ಬಿಡಬೇಕು ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ತೊಳೆದುಬಿಡುತ್ತೆ, ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡೀಬೇಕು, ಇದನ್ನ ಸಿಬ್ಬಂದಿಗೆ ಒಂದ್ಸಲ ತೋರಿಸಿಕೊಟ್ರೆ ಸಾಕು.

ಬೆಳಕು ಮತ್ತೆ ಬಣ್ಣ, ಇದು ಡಾಕ್ಟರ್ ಇಲ್ಲದೇ ಇವತ್ತೇ ಮಾಡಬಹುದಾದ ಕೆಲಸ. ವಯಸ್ಸಾದ ಹಾಗೆ ಪಾಪೆ ಚಿಕ್ಕದಾಗುತ್ತೆ, ಲೆನ್ಸ್ ಹಳದಿಯಾಗುತ್ತೆ, 60ರ ಕಣ್ಣಿನ ಒಳಗೆ ಹೋಗೋ ಬೆಳಕು 20ರ ಕಣ್ಣಿಗೆ ಹೋಲಿಸಿದ್ರೆ ಸುಮಾರು ಮೂರನೇ ಒಂದು ಭಾಗ ಅಂತಾರೆ, 85ರಲ್ಲಿ ಇನ್ನೂ ಕಮ್ಮಿ. ಅಂದ್ರೆ ಮೂವತ್ತು ವರ್ಷದ ಸಿಬ್ಬಂದಿಗೆ ಸಾಕಷ್ಟು ಬೆಳಕಿದೆ ಅನ್ಸೋ ಕೋಣೆ ಅಲ್ಲಿರೋರಿಗೆ ಮುಸ್ಸಂಜೆ. ಹಾಗಂತ ಫಳಫಳ ಹೊಳೆಯೋ ನೆಲದ ಮೇಲೆ ದೊಡ್ಡ ಲೈಟ್ ಹಾಕಿದ್ರೂ ಕಷ್ಟ, ಪೊರೆ ಇರೋ ಕಣ್ಣಿಗೆ ಆ ಪ್ರತಿಫಲನ ಚುಚ್ಚುತ್ತೆ, ಒದ್ದೆ ನೆಲ ಅಂತ ಹೆದರಿ ಕಾಲೇ ಇಡಲ್ಲ. ಬಾಗಿಲ ಮುಂದೆ ಕಪ್ಪು ಮ್ಯಾಟ್ ಹಾಕಿದ್ರೆ ಅದು ಗುಂಡಿ ಥರ ಕಾಣಬಹುದು. ಬಿಳಿ ಗೋಡೆ, ಬಿಳಿ ಕಮೋಡ್, ಬಿಳಿ ಹಿಡಿ, ಯಾವುದು ಎಲ್ಲಿದೆ ಅಂತ ಗೊತ್ತಾಗಲ್ಲ, ಹಿಡಿಗೆ ಗಾಢ ಬಣ್ಣದ ಟೇಪ್ ಸುತ್ತಿದ್ರೂ ಸಾಕು. 2004ರಲ್ಲಿ ಬಾಸ್ಟನ್ ಸಂಶೋಧಕರು ಅಲ್ಝೈಮರ್ಸ್ ಅನ್ನೋ ಬಗೆಯ ಡಿಮೆನ್ಶಿಯಾ ಮುಂದುವರಿದ ಒಂಬತ್ತು ಜನಕ್ಕೆ ಬಿಳಿ ತಟ್ಟೆ ಲೋಟದ ಬದಲು ಗಾಢ ಕೆಂಪು ತಟ್ಟೆ ಲೋಟ ಕೊಟ್ಟು ನೋಡಿದ್ರು, ಊಟ ಶೇಕಡಾ 25, ನೀರು ಪಾನೀಯ ಶೇಕಡಾ 84 ಜಾಸ್ತಿ ಒಳಗೆ ಹೋಯ್ತು. ಒಂಬತ್ತೇ ಜನ, ತುಂಬ ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು, ಆದ್ರೆ ಒಂದು ಬಣ್ಣದ ಲೋಟ ತಂದು ನೋಡೋದಕ್ಕೆ ಯಾರಿಗೂ ನಷ್ಟ ಇಲ್ಲ. ದೊಡ್ಡಮ್ಮ ಲೋಟ ಬೀಳಿಸ್ತಿದ್ದಿದ್ದು ನೆನಪಾಗುತ್ತೆ ನನಗೆ, ಅವರಿಗೆ ಕೊಡ್ತಿದ್ದಿದ್ದು ಗಾಜಿನ ಥರ ಪಾರದರ್ಶಕ ಪ್ಲಾಸ್ಟಿಕ್ ಲೋಟ.

ಕನ್ನಡಕಕ್ಕೆ ಹೆಸರು ಬರೆಸಿ. ಕಡ್ಡಿಯ ಒಳಗಡೆ ಕೊರೆಸಿದ್ರೆ ಅಳಿಸಿಹೋಗಲ್ಲ, ಓದೋದಕ್ಕೆ ಯಾವುದು ದೂರಕ್ಕೆ ಯಾವುದು ಅಂತಾನೂ ಗುರುತು ಮಾಡಿ, ಇನ್ನೊಂದು ಜೊತೆ ಇಟ್ಟಿರಿ, ಯಾಕಂದ್ರೆ ಬೆಡ್‌ಶೀಟ್ ಜೊತೆ ಕನ್ನಡಕ ಲಾಂಡ್ರಿಗೆ ಹೋಗೋದು ತೀರಾ ಮಾಮೂಲು. ವರ್ಷಕ್ಕೊಂದ್ಸಲ ಕಣ್ಣು ಪರೀಕ್ಷೆ ಯಾವಾಗ ಆಯ್ತು ಅಂತ ಕೇಳಿ, ಬಿಪಿ ಎಷ್ಟಿದೆ ಅಂತ ಕೇಳೋ ಹಾಗೇ. ಹೋದಾಗ ಒಂದೊಂದು ಕಣ್ಣು ಮುಚ್ಚಿಸಿ ನನ್ನ ಎಷ್ಟು ಬೆರಳು ಕಾಣುತ್ತೆ ಅಂತ ನೀವೇ ಕೇಳಬಹುದು, ಅದು ಪರೀಕ್ಷೆ ಅಲ್ಲ, ಆದ್ರೆ ಒಂದು ಕಣ್ಣು ಪೂರ್ತಿ ಹೋಗಿದ್ರೆ ಅಷ್ಟರಲ್ಲೇ ಗೊತ್ತಾಗುತ್ತೆ. ಬರ್ಮಿಂಗ್‌ಹ್ಯಾಮ್ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದ್ರು, ಕನ್ನಡಕ ಬೇಕಿದ್ದ ನಿವಾಸಿಗಳಲ್ಲಿ ಕೆಲವರಿಗೆ ತಕ್ಷಣ ಕೊಟ್ಟು ಕೆಲವರಿಗೆ ಎರಡು ತಿಂಗಳು ಬಿಟ್ಟು ಕೊಟ್ರು. ಆ ಎರಡು ತಿಂಗಳ ಕೊನೆಗೆ ನೋಡಿದ್ರೆ ಮೊದಲೇ ಕನ್ನಡಕ ಸಿಕ್ಕಿದವರ ಓದು, ಹವ್ಯಾಸ, ಜನರ ಜೊತೆ ಬೆರೆಯೋದು ಎಲ್ಲ ಸುಧಾರಿಸಿತ್ತು, ಖಿನ್ನತೆಯ ಲಕ್ಷಣ ಕಮ್ಮಿ ಆಗಿತ್ತು.

ಆ ದಾರ ಸುತ್ತಿದ ಕಂದು ಕನ್ನಡಕ ಯಾರದ್ದು ಅಂತ ನಾವು ಅವತ್ತೇ ಕೇಳಿದ್ವಿ, ಸಿಬ್ಬಂದಿಗೆ ಗೊತ್ತಿರಲಿಲ್ಲ, ದೊಡ್ಡಮ್ಮನ ಕಪ್ಪು ಕನ್ನಡಕ ಕೊನೆಗೂ ಸಿಗಲೇ ಇಲ್ಲ, ಹೊಸದು ಮಾಡಿಸಿದ್ವಿ. ಎರಡು ವಾರ ಆದ ಮೇಲೆ ಒಬ್ಬ ಆಯಾ ನೆನಪು ಮಾಡ್ಕೊಂಡು ಹೇಳಿದ್ರು, ಅದು ಮೂಲೆ ಕಾಟ್‌ನಲ್ಲಿರೋ ಅಜ್ಜಿದಂತೆ, ಅವರನ್ನ ನೋಡೋಕೆ ಯಾರೂ ಬರಲ್ಲ, ದಿನಾ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ರು, ಅವರಿಗೆ ಏನೂ ತಿಳಿಯಲ್ಲ ಅಂತಾನೇ ಎಲ್ಲರೂ ಅಂದ್ಕೊಂಡಿದ್ರು. ಕನ್ನಡಕ ಒರೆಸಿ ಕಿವಿಗೆ ಸಿಕ್ಕಿಸಿದ್ವಿ. ಸುಮಾರು ಹೊತ್ತು ಹಾಗೇ ಕೂತಿದ್ರು, ಆಮೇಲೆ ಎದುರುಗೋಡೆ ಗಡಿಯಾರ ನೋಡಿ ಟೈಮ್ ತಪ್ಪಾಗಿದೆ ಅಂದ್ರು. ನಾನು ಫೋನ್ ತೆಗೆದು ನೋಡಿದೆ, ಗಡಿಯಾರ ಇಪ್ಪತ್ತು ನಿಮಿಷ ಹಿಂದಿತ್ತು.